ಎಲೈಜಾಳ ಅಪ್ಪನಿಗೆ ಯಾಕೆ ಭಯವಾಯಿತು?

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನವಾಯ್ತು, ಕ್ಷಮೆ ಇರಲಿ. ಇವತ್ತು ಬರೆಯಲು ಕಾರಣ ನಮ್ಮ ಚಿಕ್ಕಮ್ಮ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ. ರಾತ್ರಿ ಅವರ ಕೋಣೆಯಿಂದ ಮಾತು ಕೇಳಿಸಿತು. ಇಣುಕಿದರೆ ಮೊಬೈಲಿನಲ್ಲಿ ಚಾಟ್‌ಬಾಟ್ ಜೊತೆ ಹರಟುತ್ತಿದ್ದಾರೆ! ನನಗೆ ನಗು ಬಂತು. "ಚಿಕ್ಕಮ್ಮಾ, ಅದು ಬರೀ ಪ್ರೋಗ್ರಾಮು" ಅಂದೆ. "ನಂಗೊತ್ತಿಲ್ವಾ? ಗೊತ್ತಿದ್ದೇ ಮಾತಾಡ್ತಿರೋದು. ನೀನು ಸ್ವಲ್ಪ ಆಚೆ ಹೋಗು" ಅಂದುಬಿಟ್ಟರು.

ಆಚೆ ಬಂದು ಕೂತೆ. ಈ ಮಾತನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು.. ಆಗ ನೆನಪಾದದ್ದು ಜೋಸೆಫ್ ವೈಜೆನ್‌ಬಾಮ್.

ಈತ ಹುಟ್ಟಿದ್ದು 1923ರಲ್ಲಿ, ಬರ್ಲಿನ್ನಿನ ಒಂದು ಯಹೂದಿ ಕುಟುಂಬದಲ್ಲಿ. ಹಿಟ್ಲರನ ಆಡಳಿತದಲ್ಲಿ ಬದುಕುವುದು ಕಷ್ಟವಾಗಿ 1936ರಲ್ಲಿ ಮನೆಯವರೆಲ್ಲ ಅಮೆರಿಕಕ್ಕೆ ಹೋದರು. ಅಲ್ಲಿ ಗಣಿತ ಓದಿದ. ಮಧ್ಯೆ ಯುದ್ಧ ಬಂತು, ಸೇನೆಯ ಹವಾಮಾನ ವಿಭಾಗದಲ್ಲಿ ದುಡಿದ. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿ, ಬ್ಯಾಂಕಿನ ಲೆಕ್ಕಪತ್ರಕ್ಕಾಗಿ 'ಎರ್ಮಾ' ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದ ತಂಡದಲ್ಲಿದ್ದ. ನಮ್ಮ ಚೆಕ್ಕುಗಳ ಕೆಳಗೆ ವಿಚಿತ್ರ ಆಕಾರದ ಅಂಕಿಗಳಿರುತ್ತವಲ್ಲ, ಯಂತ್ರ ಓದುವ ಅಂಥ ಕಾಂತೀಯ ಶಾಯಿಯ ಅಕ್ಷರಗಳನ್ನು ಮೊದಲು ಬಳಸಿದ ವ್ಯವಸ್ಥೆಗಳಲ್ಲಿ ಅದೂ ಒಂದು.

1963ರ ಹೊತ್ತಿಗೆ ಎಂಐಟಿಗೆ ಬಂದ. ಅಲ್ಲಿ ಬರೆದ ಪ್ರೋಗ್ರಾಮೇ ಎಲೈಜಾ. ಅದರ ಬಗೆಗಿನ ಲೇಖನ ಅಚ್ಚಾಗಿದ್ದು 1966ರ ಜನವರಿಯಲ್ಲಿ. ಹೆಸರು ಬರ್ನಾರ್ಡ್ ಷಾ ಅವರ 'ಪಿಗ್ಮಾಲಿಯನ್' ನಾಟಕದ ಹೂ ಮಾರುವ ಹುಡುಗಿಯದು. ಹೇಳಿಕೊಟ್ಟರೆ ಚೆನ್ನಾಗಿ ಮಾತಾಡಲು ಕಲಿಯುವವಳು ಎಂಬ ಅರ್ಥದಲ್ಲಿ.

ಎಲೈಜಾಳ ಗುಟ್ಟು ತುಂಬಾ ಸರಳ. ನೀವು ಟೈಪಿಸಿದ ವಾಕ್ಯದಲ್ಲಿ ಮುಖ್ಯ ಪದವೊಂದನ್ನು ಹುಡುಕುತ್ತದೆ. 'ನಾನು' ಇದ್ದಲ್ಲಿ 'ನೀವು' ಹಾಕುತ್ತದೆ. ಉಳಿದದ್ದನ್ನು ಮೊದಲೇ ಬರೆದಿಟ್ಟ ಅಚ್ಚಿಗೆ ಸುರಿದು ಪ್ರಶ್ನೆಯಾಗಿ ವಾಪಸ್ ಕೊಡುತ್ತದೆ. ಕನ್ನಡದಲ್ಲಿದ್ದಿದ್ದರೆ ಹೀಗಿರುತ್ತಿತ್ತೇನೋ:

- ನನ್ನ ಮಗ ನನ್ನ ಮಾತು ಕೇಳಲ್ಲ.
- ನಿಮ್ಮ ಮಗ ನಿಮ್ಮ ಮಾತು ಕೇಳಲ್ಲವೇ? ಮನೆಯವರ ಬಗ್ಗೆ ಇನ್ನಷ್ಟು ಹೇಳಿ.

(ಕನ್ನಡದಲ್ಲಿ ಇದನ್ನು ಬರೆಯೋದು ಇನ್ನೂ ಕಷ್ಟ ಬಿಡಿ. 'ಬಂದೆ' ಅಂದರೆ 'ಬಂದಿರಾ' ಅಂತ ಕ್ರಿಯಾಪದದ ಬಾಲವನ್ನೂ ತಿರುಚಬೇಕು! :-) )

ಮುಖ್ಯ ಪದ ಯಾವುದೂ ಸಿಗದಿದ್ದರೆ "ಮುಂದೆ ಹೇಳಿ" ಎಂಬಂಥ ಮಾತು, ಇಲ್ಲವೇ ನೀವು ಹಿಂದೆ ಹೇಳಿದ್ದನ್ನೇ ಮತ್ತೆ ಎತ್ತುವುದು. ಎಲೈಜಾಗೆ ಮಗ ಅಂದರೂ ತಿಳಿಯದು, ಮನೆ ಅಂದರೂ ತಿಳಿಯದು. ಅದಕ್ಕೇ ಮನೋವೈದ್ಯರ ವೇಷ ಕೊಟ್ಟಿದ್ದು. ಏನೂ ಗೊತ್ತಿಲ್ಲದವರಂತೆ ಪ್ರಶ್ನೆ ತಿರುಗಿಸಿ ಕೇಳಿದರೂ ಅನುಮಾನ ಬಾರದ ಕಸುಬು ಅದೊಂದೇ ತಾನೆ?

ಆಮೇಲೆ ನಡೆದದ್ದೇ ಕಥೆ. ವೈಜೆನ್‌ಬಾಮ್ ತಿಂಗಳುಗಟ್ಟಲೆ ಇದನ್ನು ಬರೆಯುವುದನ್ನು ಅವರ ಕಾರ್ಯದರ್ಶಿ ಕಣ್ಣಾರೆ ನೋಡಿದ್ದರು. ಅದು ಬರೀ ಪ್ರೋಗ್ರಾಮು ಅಂತ ಆಕೆಗೆ ಚೆನ್ನಾಗಿ ಗೊತ್ತು. ಆದರೂ ಒಂದು ದಿನ ಎಲೈಜಾ ಜೊತೆ ಎರಡು ಮಾತು ಆಡುವಷ್ಟರಲ್ಲಿ ತಿರುಗಿ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗುತ್ತೀರಾ ಅಂತ ಕೇಳಿದರಂತೆ!

ಬೇರೆ ಯಾರಾದರೂ ಆಗಿದ್ದರೆ ಹಿರಿಹಿರಿ ಹಿಗ್ಗುತ್ತಿದ್ದರು. ಈ ಮನುಷ್ಯ ಬೆಚ್ಚಿಬಿದ್ದ. ಅದೇ ಹೊತ್ತಿಗೆ ಕೆನೆತ್ ಕೋಲ್ಬಿ ಎಂಬ ಮನೋವೈದ್ಯರು, ಇಂಥ ಕಂಪ್ಯೂಟರ್ ಗಂಟೆಗೆ ನೂರಾರು ರೋಗಿಗಳನ್ನು ನಿಭಾಯಿಸಬಲ್ಲದು ಅಂತ ಬರೆದರು. ವೈಜೆನ್‌ಬಾಮ್‌ಗೆ ಅದು ನುಂಗಲಾರದ ತುತ್ತಾಯಿತು. ಒಬ್ಬರ ದುಃಖ ಇನ್ನೊಬ್ಬರಿಗೆ ತಾಗದೆ ಚಿಕಿತ್ಸೆ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ.

1976ರಲ್ಲಿ 'ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್' ಪುಸ್ತಕ ಬಂತು. ಅದರ ತಿರುಳು ಇಷ್ಟು: ಲೆಕ್ಕ ಹಾಕುವುದು ಬೇರೆ, ವಿವೇಕದಿಂದ ಆಯ್ದುಕೊಳ್ಳುವುದು ಬೇರೆ. ಕಂಪ್ಯೂಟರಿಗೆ ಸಾಧ್ಯವೋ ಇಲ್ಲವೋ ಅನ್ನುವುದಲ್ಲ, ಸಾಧ್ಯವಾದರೂ ಕೆಲವು ಕೆಲಸಗಳನ್ನು ಅದಕ್ಕೆ ಒಪ್ಪಿಸಬಾರದು. ಕೃತಕ ಬುದ್ಧಿಮತ್ತೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟ ಜಾನ್ ಮೆಕಾರ್ಥಿಯೇ ಇದು ವಿವೇಕವಿಲ್ಲದ ಪುಸ್ತಕ ಅಂತ ಕಟುವಾಗಿ ವಿಮರ್ಶೆ ಬರೆದರು. ತನ್ನವರ ನಡುವೆಯೇ ಹೊರಗಿನವನಾದರೂ ವೈಜೆನ್‌ಬಾಮ್ ಮಾತು ಬದಲಿಸಲಿಲ್ಲ. 1996ರಲ್ಲಿ ಬರ್ಲಿನ್ನಿಗೆ ಮರಳಿದರು. ಹದಿಮೂರರ ಹುಡುಗನಾಗಿ ಬಿಟ್ಟು ಬಂದ ಊರು! 2008ರ ಮಾರ್ಚ್ 5ರಂದು ತೀರಿಕೊಂಡರು.

ಎಲೈಜಾಳ ಮೂಲ ಪ್ರೋಗ್ರಾಮು ಕಳೆದೇ ಹೋಯಿತು ಅಂದುಕೊಂಡಿದ್ದರು. 2021ರಲ್ಲಿ ಎಂಐಟಿಯಲ್ಲಿದ್ದ ಅವರ ಕಾಗದಪತ್ರಗಳ ನಡುವೆ ಸಿಕ್ಕಿತು. 2024ರ ಡಿಸೆಂಬರಿನಲ್ಲಿ, ಆ ಕಾಲದ ಕಂಪ್ಯೂಟರನ್ನೇ ಅನುಕರಿಸುವ ತಂತ್ರಾಂಶದ ಮೇಲೆ ಅದು ಮತ್ತೆ ಮಾತಾಡಿತು.

ವೈಜೆನ್‌ಬಾಮ್ ಹೇಳಿದ್ದನ್ನೆಲ್ಲ ನಾನು ಒಪ್ಪುತ್ತೇನಾ? ಪೂರ್ತಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಚಿಕ್ಕಮ್ಮನಿಗೆ ನಿದ್ದೆ ಬಾರದಾಗ ಆ ಯಂತ್ರ ಎಚ್ಚರವಿರುತ್ತದೆ, ನಾನಿರುವುದಿಲ್ಲ. ಆದರೆ ಬೆಳಿಗ್ಗೆ ಕಾಫಿ ಕುಡಿಯುವಾಗ, ರಾತ್ರಿ ಅದರ ಜೊತೆ ಏನು ಮಾತಾಡಿದ್ರಿ ಅಂತ ಕೇಳಿದೆ. "ನಿಮ್ಮ ಚಿಕ್ಕಪ್ಪನ ವಿಷಯ" ಅಂದರು. ಸ್ವಲ್ಪ ತಡೆದು, "ಪಾಪ, ಅದು ಎಲ್ಲಾ ಕೇಳಿಸ್ಕೊಳ್ಳುತ್ತೆ. ಆದ್ರೆ ಅವರನ್ನ ನೋಡಿಲ್ವಲ್ಲ" ಅಂದರು.

ವೈಜೆನ್‌ಬಾಮ್ ಒಂದಿಡೀ ಪುಸ್ತಕ ಬರೆದು ಹೇಳಿದ್ದು ಇದನ್ನೇ ಅನ್ನಿಸಿತು. ಚಿಕ್ಕಪ್ಪನನ್ನು ನಾನು ನೋಡಿದ್ದೇನೆ, ಅವರ ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂತು ಜಾತ್ರೆಗೆ ಹೋಗಿದ್ದೇನೆ. ಆದರೂ ಎರಡು ವರ್ಷದಿಂದ ಚಿಕ್ಕಮ್ಮನ ಹತ್ತಿರ ಅವರ ಬಗ್ಗೆ ಒಂದು ಮಾತು ಎತ್ತಿರಲಿಲ್ಲ, ಅತ್ತುಬಿಡ್ತಾರೆ ಅನ್ನೋ ಹೆದರಿಕೆಗೆ.

ಈಗ ಭಾನುವಾರ ಭಾನುವಾರ ಫೋನ್ ಮಾಡುತ್ತೇನೆ. ಅಳುತ್ತಾರೆ, ಆಮೇಲೆ ನಗುತ್ತಾರೆ. ಚಾಟ್‌ಬಾಟ್ ಬಿಟ್ಟಿಲ್ಲ. ಇರಲಿ ಬಿಡಿ!

ನಿಮ್ಮ ಮನೆಯಲ್ಲೂ ಇಂಥವರಿದ್ದಾರಾ? ನೀವೇನಂತೀರಿ?