ಶಿಶುವಿಹಾರ ಪ್ರವೇಶ: ವಯಸ್ಸಿಗೆ ಆದೇಶ, ಕೊಠಡಿಗೆ ಮಾರ್ಗಸೂಚಿ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ ಶಾಲೆ ತೆರೆಯುವುದೂ ಮುಂಗಾರು ಆರಂಭವಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಪ್ರವೇಶಕ್ಕಾಗಿ ಸರಕಾರ ಮಗುವಿನ ವಯಸ್ಸನ್ನು ಎಣಿಸುವ ದಿನವೂ ಜೂನ್ 1. ಅಂದು ಮಗುವಿಗೆ ಎಷ್ಟು ವರ್ಷ ತುಂಬಿರಬೇಕು ಎಂಬುದಕ್ಕೆ ಖಚಿತ ಆದೇಶವಿದೆ. ಆದರೆ ಶಿಶುವಿಹಾರದ ಕೊಠಡಿ ಹೇಗಿರಬೇಕು ಎಂಬುದಕ್ಕೆ ಇರುವುದು ಬಹುಮಟ್ಟಿಗೆ ಮಾರ್ಗಸೂಚಿ ಮಾತ್ರ.

ವಯೋಮಿತಿ

2022ರ ಜುಲೈ ತಿಂಗಳಲ್ಲಿ ಹೊರಬಿದ್ದ ಆದೇಶದ ಪ್ರಕಾರ 1ನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ಪೂರ್ಣವಾಗಿರಬೇಕು. ಅದಕ್ಕೆ ಮೊದಲು 5 ವರ್ಷ 5 ತಿಂಗಳು ಸಾಕಾಗಿತ್ತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳಿಗೆ ತೊಂದರೆಯಾಗದಂತೆ ಅದೇ ವರ್ಷದ ನವೆಂಬರ್‌ನಲ್ಲಿ ನಿಯಮದ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. ಆ ಸಾಲಿನಲ್ಲೂ ಯುಕೆಜಿ ಮುಗಿಸಿದ ಮಕ್ಕಳಿಗೆ ಹಳೆಯ ಮಿತಿಯನ್ನೇ ಅನ್ವಯಿಸುವ ಸಡಿಲಿಕೆಯನ್ನು ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಈ ಸಡಿಲಿಕೆ ಒಂದು ವರ್ಷಕ್ಕೆ ಮಾತ್ರ ಎಂದೂ ಸ್ಪಷ್ಟಪಡಿಸಿದ್ದರು.

ಇದಕ್ಕೆ ಹೊಂದುವಂತೆ ಎಲ್‌ಕೆಜಿಗೆ 4, ಯುಕೆಜಿಗೆ 5 ವರ್ಷ ತುಂಬಿರಬೇಕು. ಮೂರೂವರೆ ವರ್ಷಕ್ಕೇ ಎಲ್‌ಕೆಜಿಗೆ ಸೇರಿಸಿದರೆ ತೊಡಕು ತಕ್ಷಣ ಕಾಣದು. ಎರಡು ವರ್ಷಗಳ ಬಳಿಕ, ಐದೂವರೆಯ ಮಗು 1ನೇ ತರಗತಿಗೆ ಅರ್ಜಿ ಹಾಕಿದಾಗ ಅದು ಎದುರಾಗುತ್ತದೆ. ಆಗ ಉಳಿಯುವುದು ಯುಕೆಜಿಯ ಪುನರಾವರ್ತನೆ ಮತ್ತು ಇನ್ನೊಂದು ವರ್ಷದ ಶುಲ್ಕ.

ಕೊಠಡಿಯ ಗುಣಮಟ್ಟ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಿಕ್ಷಕರಿಗೊಂದು ಕೊಠಡಿ, ಬಾಲಕ-ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಆವರಣ ಗೋಡೆಯನ್ನು ಕಡ್ಡಾಯಗೊಳಿಸುತ್ತದೆ. ಆದರೆ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳಿಗೆ. ಮೂರರಿಂದ ಆರು ವರ್ಷದವರಿಗೆ ಸರಕಾರ ವ್ಯವಸ್ಥೆ ‘ಮಾಡಬಹುದು’ ಎಂದಷ್ಟೇ ಅದರ 11ನೇ ಸೆಕ್ಷನ್ ಹೇಳುತ್ತದೆ.

ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಕೇಂದ್ರದ 2013ರ ಶೈಶವ ಪೂರ್ವ ಆರೈಕೆ ಹಾಗೂ ಶಿಕ್ಷಣ ನೀತಿ. ಅದರ ಮಾನದಂಡದಂತೆ 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್, ಅಂದರೆ ಸುಮಾರು 375 ಚದರಡಿ ಕೊಠಡಿ ಬೇಕು. ಹೊರಗೆ 30 ಚದರ ಮೀಟರ್ ಜಾಗ ಬೇಕು. ಪ್ರತಿ 20 ಮಕ್ಕಳಿಗೆ ಒಬ್ಬ ವಯಸ್ಕರಿರಬೇಕು. ದಿನಕ್ಕೆ 3-4 ಗಂಟೆ ಸಾಕು. ಕಲಿಕೆ ಮಾತೃಭಾಷೆಯಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ನಡೆಯಬೇಕು.

ಕರಾವಳಿಯಲ್ಲಿ ಈ ಅಂಶಗಳಿಗೆ ವಿಶೇಷ ಮಹತ್ವವಿದೆ. ಮಳೆಗಾಲದ ನಾಲ್ಕು ತಿಂಗಳು ಅಂಗಳ ಬಳಕೆಗೆ ಸಿಗುವುದು ಅಪರೂಪ. ಆಟವೂ ಪಾಠವೂ ಅದೇ ಕೊಠಡಿಯಲ್ಲಿ. ಮನೆಯಲ್ಲಿ ಕುಂದಾಪ್ರ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಮೊದಲ ದಿನದಿಂದಲೇ ಇಂಗ್ಲಿಷ್ ಎಂದರೆ ಬಾಯಾರಿಕೆಯನ್ನು ಹೇಳಿಕೊಳ್ಳುವುದೂ ಕಷ್ಟವಾಗಬಹುದು. ದೂರದ ಶಾಲೆಯಾದರೆ ವಾಹನದ ಸುರಕ್ಷತೆಯೂ ಮುಖ್ಯ. 2016ರ ಜೂನ್‌ನಲ್ಲಿ ತ್ರಾಸಿ ಬಳಿ ಶಾಲಾ ಮಕ್ಕಳಿದ್ದ ಓಮ್ನಿ ಮತ್ತು ಬಸ್ ಡಿಕ್ಕಿಯಾಗಿ 8 ಮಕ್ಕಳು ಮೃತಪಟ್ಟಿದ್ದರು.

ಪೋಷಕರು ಗಮನಿಸಬೇಕಾದ್ದು

ಶುಲ್ಕ ಕಟ್ಟುವ ಮುನ್ನ ಜನನ ಪ್ರಮಾಣಪತ್ರದ ದಿನಾಂಕದಿಂದ 1ನೇ ತರಗತಿಯವರೆಗಿನ ಲೆಕ್ಕ ಹಾಕಿರಿ. ಸಂಸ್ಥೆಗೆ ನೋಂದಣಿ ಇದೆಯೇ ಎಂದು ಕೇಳಿರಿ. ಕೊಠಡಿ, ಶೌಚಾಲಯ ಹಾಗೂ ವಾಹನವನ್ನು ಕಣ್ಣಾರೆ ನೋಡಿರಿ. ಖಾಸಗಿ ಶಾಲೆಗಳ ಕುರಿತ ಸಂದೇಹಗಳಿಗೆ ಆಯಾ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ, ಅಂಗನವಾಡಿಗಳ ಕುರಿತು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೂ ಸಂಪರ್ಕಿಸಬಹುದು. ಮಾರ್ಗಸೂಚಿ ಕಾನೂನಾಗುವವರೆಗೆ ಪೋಷಕರ ಪ್ರಶ್ನೆಯೇ ಮಕ್ಕಳಿಗೆ ರಕ್ಷೆ.