ಗರಸಿನ ದಾರಿಯಲ್ಲಿ ಎರಡು ಗಾಲಿ

ಬಾದಾಮಿಯಿಂದ ಪಟ್ಟದಕಲ್ಲಿಗೆ ಡಾಂಬರು ರಸ್ತೆ ಸುಮಾರು 22 ಕಿ.ಮೀ. ಪ್ರವಾಸಿಗರ ಮೋಟಾರು ಅರ್ಧ ಗಂಟೆಯಲ್ಲಿ ಅದನ್ನು ಮುಗಿಸುತ್ತದೆ. ಆದರೆ ಈ ರಸ್ತೆಯ ಎರಡೂ ಬದಿಗೆ, ಜೋಳದ ಹೊಲಗಳ ನಡುವೆ, ಕೆಂಪು ಗುಡ್ಡಗಳ ಬುಡದಲ್ಲಿ ಚಕ್ಕಡಿಯ ದಾರಿಗಳ ಒಂದು ಬಲೆಯೇ ಹರಡಿಕೊಂಡಿದೆ. ಹೊಲಕ್ಕೆ ಗೊಬ್ಬರ ಹೋಗುವುದು, ರಾಶಿ ಮನೆಗೆ ಬರುವುದು, ದನ ಹಳ್ಳಕ್ಕೆ ಇಳಿಯುವುದು ಈ ದಾರಿಗಳಲ್ಲಿ. ಸಣ್ಣ ಕಲ್ಲು, ಮಣ್ಣು, ಮರಳು ಬೆರೆತ ಇವುಗಳ ಮೈಗೆ ಇಲ್ಲಿನ ಜನ ಇಟ್ಟ ಹೆಸರು ‘ಗರಸು’.

ಇಂಥ ದಾರಿಯಲ್ಲಿ ಸೈಕಲ್ ತುಳಿಯುವುದು ಈಗ ಲೋಕದ ಹಲವು ಕಡೆ ಒಂದು ಹವ್ಯಾಸ, ಒಂದು ಕ್ರೀಡೆ. ಅದಕ್ಕೆ ‘ಗ್ರಾವೆಲ್ ಸೈಕ್ಲಿಂಗ್’ ಎಂದು ಹೆಸರು. ನೋಡಲು ಓಟದ ಸೈಕಲ್ಲಿನಂತೆಯೇ ಬಾಗಿದ ಹಿಡಿಕೆ. ಆದರೆ ಟೈರು ಅಗಲ, ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರು. ಗಾಳಿಯನ್ನು ಕೊಂಚ ಕಡಿಮೆ ತುಂಬುತ್ತಾರೆ. ಆಗ ಟೈರು ಕಲ್ಲಿನ ಮೇಲೆ ಪುಟಿಯುವುದಿಲ್ಲ. ಕಲ್ಲನ್ನು ತನ್ನೊಳಗೆ ಅಮುಕಿಕೊಂಡು ಮುಂದೆ ಸಾಗುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹುಲ್ಲುಗಾವಲು ಗುಡ್ಡಗಳಲ್ಲಿ 2006ರಲ್ಲಿ ಆರಂಭವಾದ ಗರಸು ದಾರಿಯ ದೀರ್ಘ ಓಟ ಇದಕ್ಕೆ ದೊಡ್ಡ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ಹಾಗೆಂದು ಇದನ್ನು ಹೊಸದೆನ್ನುವುದು ಹೇಗೆ? ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಪೆಡಲಿಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಗಾಲಿಯ ಬಂಡಿ ಹೊರಡಿಸಿದಾಗ ಡಾಂಬರು ರಸ್ತೆ ಎಲ್ಲಿತ್ತು? 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಸರಪಳಿಯಿಂದ ಹಿಂದಿನ ಗಾಲಿ ತಿರುಗುವ ‘ರೋವರ್’ ಸೈಕಲ್ ತಂದ. ಇಂದಿನ ಎಲ್ಲ ಸೈಕಲ್‌ಗಳಿಗೂ ಅದೇ ಮೂಲ ಮಾದರಿ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಇವೆಲ್ಲ ಹುಟ್ಟಿದ್ದು ಕಡಿ ಹಾಸಿದ ರಸ್ತೆಗಳ ಕಾಲದಲ್ಲಿ. ರಸ್ತೆಗೆ ಡಾಂಬರು ವ್ಯಾಪಕವಾಗಿ ಬಂದದ್ದು 20ನೆಯ ಶತಮಾನದಲ್ಲಿ, ಮೋಟಾರು ಎಬ್ಬಿಸಿದ ಧೂಳನ್ನು ಅಡಗಿಸಲು. ಅಂದರೆ ಸೈಕಲ್ಲಿನ ತವರು ಗರಸು ದಾರಿಯೇ.

ಡಾಂಬರು ಬಂದ ಮೇಲೂ ಅದನ್ನು ಬಿಟ್ಟು ಹೋಗುವವರು ಇದ್ದರು. ‘ವೇಫೇರರ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಬ್ಲ್ಯು.ಎಂ. ರಾಬಿನ್ಸನ್ 1919ರ ಮಾರ್ಚಿನಲ್ಲಿ ವೇಲ್ಸಿನ ಬರ್ವಿನ್ ಬೆಟ್ಟಗಳನ್ನು ಹಿಮದಲ್ಲಿ ಸೈಕಲ್ಲಿನೊಂದಿಗೆ ದಾಟಿದ ಕಥೆ ಅಲ್ಲಿನ ಸವಾರರಿಗೆ ಇಂದಿಗೂ ಪ್ರಿಯ. ಒರಟು ದಾರಿಗಳನ್ನೇ ಹುಡುಕಿ ಹೋಗುವವರ ಒಂದು ಸಂಘ ಇಂಗ್ಲೆಂಡಿನಲ್ಲಿ 1955ರಲ್ಲಿ ಹುಟ್ಟಿತು.

ಬಾಗಲಕೋಟೆ ಸೀಮೆಯ ಗರಸಿಗೆ ಮಾತ್ರ ಇವೆಲ್ಲಕ್ಕಿಂತ ಹಳೆಯ ಚರಿತ್ರೆಯಿದೆ. ಬಾದಾಮಿಯ ಕೆಂಪು ಮರಳುಗಲ್ಲು ಜೀವಿಗಳಿಗೆ ಇನ್ನೂ ಎಲುಬು, ಚಿಪ್ಪು ಮೂಡದ ಕಾಲದಲ್ಲಿ ನೀರಿನಡಿ ತಂಗಿದ ಮರಳು. ಅದು ಮಳೆ ಬಿಸಿಲಿಗೆ ಸವೆದು ಉದುರಿದ್ದೇ ಇಂದು ಗಾಲಿಯಡಿ ಕರಕರ ಎನ್ನುತ್ತದೆ. ಈ ಸೀಮೆಯ ಭೂರಚನೆಯನ್ನು ಕುರಿತು ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವಿವರವಾದ ಗ್ರಂಥ ಪ್ರಕಟಿಸಿದರು. ಮಲಪ್ರಭೆಯ ದಂಡೆಯ ಹರಳುಗಲ್ಲಿನ ಪದರಗಳಲ್ಲಿ ಆದಿಮಾನವ ಕೆತ್ತಿದ ಕಲ್ಲಿನ ಆಯುಧಗಳು ಸಿಕ್ಕವು. ಬಾದಾಮಿ ತಾಲ್ಲೂಕಿನ ಖ್ಯಾಡದಂಥ ನೆಲೆಗಳನ್ನು ಒಳಗೊಂಡ ಆರ್.ವಿ. ಜೋಶಿಯವರ ಅಧ್ಯಯನ 1955ರಲ್ಲಿ ಹೊರಬಂತು. ಗರಸು ಎಂದರೆ ಬರಿಯ ಕಸವಲ್ಲ. ಮನುಷ್ಯ ಮೊದಲು ಕೈಗೆತ್ತಿಕೊಂಡ ಉಪಕರಣಗಳ ಕಣಜ.

ಆ ದಾರಿಗಳ ಮೇಲೆ ಮುಂದೆ ಸಾಮ್ರಾಜ್ಯವೇ ಓಡಾಡಿತು. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿದ. ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳು ಒಂದು ದಿನದ ನಡಿಗೆಯ ಅಂತರದಲ್ಲಿ ಬೆಳೆದವು. ಐಹೊಳೆಯ ಹೆಸರನ್ನೇ ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ, ಸಮುದ್ರದಾಚೆಯೂ ದೊರೆತಿವೆ. ಎತ್ತು, ಕೋಣ, ಕತ್ತೆಗಳ ಬೆನ್ನ ಮೇಲೆ ಸರಕು ಹೇರಿ ಹೊರಟವರಿಗೆ ಬೇಕಾದದ್ದು ನುಣುಪು ರಸ್ತೆಯಲ್ಲ. ನೀರು, ನೆರಳು ಮತ್ತು ಗೊರಸು ಜಾರದ ನೆಲ. ಬನಶಂಕರಿಯ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಹಳ್ಳಿ ಹಳ್ಳಿಗಳಿಂದ ಚಕ್ಕಡಿ ಹೂಡಿಕೊಂಡು ಬರುತ್ತಿದ್ದವರಿಗೆ ಬೇಕಾದದ್ದೂ ಅದೇ.

ಈ ದಾರಿಗಳ ಚರಿತ್ರೆಯಲ್ಲಿ ಒಂದು ಕರಾಳ ಪುಟವೂ ಇದೆ. 1876-78ರ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಹಸಿದವರಿಗೆ ಸರಕಾರ ಕೊಟ್ಟದ್ದು ಕೂಲಿ: ಕಲ್ಲು ಒಡೆಯುವುದು, ಕಡಿ ಹೊರುವುದು, ರಸ್ತೆಗೆ ಮಣ್ಣು ಹಾಕುವುದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಸೂಚಿಸಿದಂತೆ ಆ ಕೂಲಿಯನ್ನೂ ಇಳಿಸಿ, ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ನಿಲ್ಲಿಸಲಾಯಿತು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗ್ರಾಮಿಗಿಂತಲೂ ಕಡಿಮೆ. ಮುಂಬಯಿ ಪ್ರಾಂತದ ಅನೇಕ ಕಾಮಗಾರಿಗಳಲ್ಲಿ ಜನ ಕೆಲಸ ಬಿಟ್ಟು ಹೊರನಡೆದು ಪ್ರತಿಭಟಿಸಿದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಸುಮಾರು 6 ಲಕ್ಷ 38 ಸಾವಿರಕ್ಕೆ ಕುಸಿದಿತ್ತು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ಇಂದು ಸಂತೋಷಕ್ಕಾಗಿ ತುಳಿಯುವ ದಾರಿಯ ಕಡಿಯನ್ನು ಯಾರೋ ಹಸಿವಿನಿಂದ ಒಡೆದಿರಬಹುದು ಎಂಬುದನ್ನು ಮರೆಯುವಂತಿಲ್ಲ.

1884ರಲ್ಲಿ ಗದಗ-ಹೋಟಗಿ ರೈಲುಮಾರ್ಗ ಬಾದಾಮಿ, ಬಾಗಲಕೋಟೆಗಳ ಮೂಲಕ ಹಾದುಹೋಯಿತು. ದೂರದ ಸರಕು ರೈಲೇರಿತು. ಹಳೆಯ ದಾರಿಗಳು ಊರಿಂದ ಊರಿಗೆ, ಊರಿಂದ ಹೊಲಕ್ಕೆ ಸೀಮಿತವಾದವು. ಅದೇ ದಾರಿಗಳಿಗೆ ಹೊಸ ಜೀವ ತುಂಬಿದ್ದು ಸೈಕಲ್ಲು. ಮೊದಮೊದಲು ಅದು ವಿಲಾಯತಿ ಸಾಮಾನು, ಉಳ್ಳವರ ಸೊತ್ತು. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲೂ ಲೂಧಿಯಾನದ ಹೀರೊ 1956ರಲ್ಲೂ ಆರಂಭವಾದ ಮೇಲೆ ಅದು ಮೆಲ್ಲಗೆ ಬಡವರ ಅಂಗಳಕ್ಕೂ ಬಂತು. ಸೀರೆಯ ಗಂಟು ಕಟ್ಟಿಕೊಂಡ ಇಳಕಲ್ಲಿನ ನೇಕಾರ, ಖಣದ ಗಂಟು ಹೇರಿದ ಗುಳೇದಗುಡ್ಡದವ, ಹಾಲಿನ ಕ್ಯಾನು ತೂಗುಹಾಕಿದ ಗೌಳಿ, ಅಂಚೆಯವ, ಪಕ್ಕದೂರಿನ ಶಾಲೆಯ ಮಾಸ್ತರರು ಎಲ್ಲರಿಗೂ ಒಂದೇ ವಾಹನ. ಹುಡುಗರು ತಾಸಿನ ಲೆಕ್ಕದ ಬಾಡಿಗೆಗೆ ಸೈಕಲ್ ಹಿಡಿದು, ಸೀಟು ಎಟುಕದಿದ್ದರೆ ಚೌಕಟ್ಟಿನ ನಡುವೆ ಕಾಲು ತೂರಿಸಿ ತುಳಿದು, ಮೊಣಕಾಲು ಕೆತ್ತಿಸಿಕೊಂಡು ಕಲಿತದ್ದು ಇದೇ ಗರಸಿನ ಮೇಲೆ. ‘ಗ್ರಾವೆಲ್ ಸೈಕ್ಲಿಂಗ್’ ಎಂಬ ಮಾತು ಕೇಳದೆಯೇ ಇಡೀ ಸೀಮೆ ಅದನ್ನು ಮಾಡಿಕೊಂಡು ಬಂದಿತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯಕ್ಕೆ ಒಳ್ಳೊಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟದ್ದು ಆಶ್ಚರ್ಯವಲ್ಲ. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ, ಪಕ್ಕದೂರಿನ ಹೈಸ್ಕೂಲಿಗೆ ಹೋಗಬೇಕಾದ ಹೆಣ್ಣುಮಕ್ಕಳಿಗೂ ಈ ದಾರಿ ತೆರೆಯಿತು.

ಇಲ್ಲಿನ ಸವಾರಿಯ ಸುಖವೆಲ್ಲ ನೆಲವನ್ನು ಓದುವುದರಲ್ಲಿದೆ. ಬಾದಾಮಿಯ ಕಡೆ ಮಸಾರಿ ನೆಲ. ಮಳೆ ನಿಂತ ಒಂದೆರಡು ದಿನಕ್ಕೆ ಗಟ್ಟಿಯಾಗಿ ಗಾಲಿಗೆ ಒಗ್ಗುತ್ತದೆ. ಹುನಗುಂದದ ಸುತ್ತ ಎರೆ ಭೂಮಿ. ಒಣಗಿದಾಗ ಬಿರುಕು, ನೆನೆದಾಗ ಅಂಟು. ಹಸಿ ಎರೆಯಲ್ಲಿ ಇಳಿದವನ ಗಾಲಿಗೆ ಮಣ್ಣು ಮೆತ್ತಿ, ಕೊನೆಗೆ ಸೈಕಲ್ಲೇ ಸವಾರನ ಹೆಗಲೇರುತ್ತದೆ. ಇಳಕಲ್ಲಿನತ್ತ ಕೆಂಪು ಗ್ರಾನೈಟಿನ ಬಂಡೆಗಳು ಕಾಣಿಸಿಕೊಳ್ಳುತ್ತವೆ. ಎಲ್ಲೆಡೆ ಜಾಲಿಮುಳ್ಳು; ಪಂಕ್ಚರ್ ಸಾಮಾನು ಇಲ್ಲದೆ ಹೊರಡುವವನು ನಡೆದೇ ಮರಳಬೇಕು. ಹಿಂಗಾರಿ ಜೋಳ ಎದ್ದು ನಿಲ್ಲುವ ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬಾದಾಮಿಯಿಂದ ಮಹಾಕೂಟಕ್ಕೆ ಬೆಟ್ಟದ ಮೇಲಿನ ಹಳೆಯ ಕಾಲುದಾರಿಯಲ್ಲಿ ಸೈಕಲ್ ಹೊತ್ತೇ ಹೋಗಬೇಕು. ಆದರೆ ಮಹಾಕೂಟದ ಪುಷ್ಕರಿಣಿಯ ತಣ್ಣೀರು ಮುಟ್ಟಿದಾಗ ಯಾತ್ರಿಕನಿಗೆ ಆ ಸ್ಥಳ ಏಕೆ ಪವಿತ್ರವಾಗಿ ಕಂಡಿತೆಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ಮೋಟಾರಿನವನಿಗೆ ಪಟ್ಟದಕಲ್ಲು ಒಂದು ಟಿಕೆಟು. ಗರಸಿನ ದಾರಿಯಲ್ಲಿ ಬಂದವನಿಗೆ ಅದು ನದಿಯ ತಿರುವಿನಲ್ಲಿ ಮೆಲ್ಲಗೆ ಮೇಲೇಳುವ ಶಿಖರಗಳ ಸಾಲು.

ಈ ದಾರಿಗಳು ಎಷ್ಟು ಕಾಲ ಉಳಿದಾವು? ಹಳ್ಳಿಯವರು ಡಾಂಬರು, ಸಿಮೆಂಟು ಕೇಳುವುದು ನ್ಯಾಯವೇ. ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕಾದವರಿಗೆ ಗರಸಿನ ಸೊಗಸನ್ನು ಬೋಧಿಸುವುದು ಹೊರಗಿನವರ ಹುಡುಗಾಟವಾದೀತು. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನೂ ಅನೇಕ ಹಳ್ಳಿಗಳನ್ನೂ ಮುಳುಗಿಸಿದಾಗ ಅವುಗಳ ದಾರಿಗಳೂ ಮುಳುಗಿದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತು. ಇವು ಕಣ್ಣಿಗೆ ಕಾಣುವ ನಷ್ಟಗಳು. ಕಾಣದೆ ಹೋಗುವ ನಷ್ಟ ಇನ್ನೊಂದಿದೆ. ಒಂದು ಕಡೆ ಹೊಲದವನು ಬದು ಸರಿಸಿ ದಾರಿಯನ್ನು ಉತ್ತುಬಿಡುತ್ತಾನೆ. ಇನ್ನೊಂದು ಕಡೆ ಯಾರೂ ತುಳಿಯದೆ ಜಾಲಿ ಬೆಳೆದು ಮುಚ್ಚಿಹೋಗುತ್ತದೆ.

ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತುಗಳು ಇಂದಿಗೂ ಇವೆ. ಅವು ಎಲ್ಲರ ಸೊತ್ತು. ದಾರಿಯ ಮೇಲಿನ ಹಕ್ಕು ಉಳಿಯುವುದು ಕಾಗದದಿಂದ ಅರ್ಧ, ಬಳಕೆಯಿಂದ ಅರ್ಧ. ಚಕ್ಕಡಿಗಳು ಕಡಿಮೆಯಾದ ಈ ಕಾಲದಲ್ಲಿ ಹಳೆಯ ದಾರಿಗಳನ್ನು ತುಳಿದು ಸವೆಸುವವರು ಬೇಕು. ಹೊಲಕ್ಕೆ ಹೋಗುವ ರೈತ, ಜಾತ್ರೆಗೆ ನಡೆಯುವ ಭಕ್ತ, ಶಾಲೆಗೆ ಹೊರಟ ಹುಡುಗಿ ಇವರ ಜತೆಗೆ ಅಗಲ ಟೈರಿನ ಸೈಕಲ್ ಸವಾರನೂ ಒಬ್ಬನಾದರೆ, ಐನೂರ್ವರ ಕತ್ತೆಗಳು ನಡೆದ ನೆಲಕ್ಕೆ ಅದು ಸಣ್ಣ ಸೇವೆಯೇ ಸರಿ.