ರಾತ್ರಿ ಪಾಳಿ ಮತ್ತು ಅಡುಗೆಮನೆ

1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾದ ಮೇಲೆ ಕೇರಳದ ಎಷ್ಟೋ ಮನೆಗಳಲ್ಲಿ ಮೊದಲು ವಿಮಾನ ಹತ್ತಿದವಳು ಹೆಂಡತಿ. ಅಲ್ಲಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಿದ್ದರು. ಗಂಡ, ಮಕ್ಕಳು ಆಮೇಲೆ ಹೋದರು.

ಊರಲ್ಲಾದರೆ ಅಜ್ಜಿ, ಅತ್ತೆ, ಕೆಲಸದವರು ಇದ್ದರು. ಅಲ್ಲಿ ಯಾರೂ ಇಲ್ಲ. ಆಕೆ ರಾತ್ರಿ ಪಾಳಿಗೆ ಹೊರಟರೆ ಮಕ್ಕಳಿಗೆ ಉಣ್ಣಿಸಿ ಮಲಗಿಸುವುದು, ಬೆಳಿಗ್ಗೆ ತಲೆ ಬಾಚಿ ಶಾಲೆಗೆ ಕಳಿಸುವುದು ಗಂಡನ ಪಾಲಿಗೆ ಬಂತು. ಅನ್ನಕ್ಕೆ ನೀರೆಷ್ಟು ಎಂದು ತಿಳಿಯದವರೂ ಒಲೆ ಹಚ್ಚಬೇಕಾಯಿತು. ಸಮಾಜಶಾಸ್ತ್ರಜ್ಞೆ ಶೀಬಾ ಜಾರ್ಜ್ 2005ರ ತಮ್ಮ ಪುಸ್ತಕಕ್ಕಾಗಿ ಈ ಮನೆಗಳನ್ನು ಹತ್ತಿರದಿಂದ ಕಂಡಿದ್ದಾರೆ. ಕೆಲವು ಗಂಡಂದಿರು ಮನಸಾರೆ ಕೈಜೋಡಿಸಿದರು, ಕೆಲವರು ಬೇರೆ ದಾರಿಯಿಲ್ಲದೆ. ಇನ್ನು ಕೆಲವೆಡೆ ಆಸ್ಪತ್ರೆ, ಮನೆ ಎರಡರ ಹೊರೆಯೂ ಹೆಂಗಸಿನ ಹೆಗಲಿಗೇ ಬಿತ್ತು. ಕೈತಪ್ಪಿದ ಯಜಮಾನಿಕೆಯನ್ನು ಹಲವು ಗಂಡಸರು ಚರ್ಚಿನ ಸಮಿತಿಗಳಲ್ಲಿ ಹುಡುಕಿಕೊಂಡರು.

ಪಾತ್ರೆ ಯಾರು ತೊಳೆಯಬೇಕೆಂಬುದನ್ನು ಪ್ರೀತಿಗಿಂತ ಹೆಚ್ಚಾಗಿ ವೀಸಾವೇ ನಿರ್ಧರಿಸಿತೇನೋ! ಏಕೆಂದರೆ 1990ರ ದಶಕದಲ್ಲಿ ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಕುಟುಂಬಗಳಲ್ಲಿ ಕಥೆ ತಿರುಗುಮುರುಗಾಯಿತು. ಗಂಡನದು ಎಚ್-1ಬಿ ಎಂಬ ಕೆಲಸದ ವೀಸಾ, ಜೊತೆಗೆ ಅವಲಂಬಿತರ ಎಚ್-4 ವೀಸಾದಲ್ಲಿ ಹೋದ ಹೆಂಡತಿ ಎಂಜಿನಿಯರಿಂಗ್ ಓದಿದ್ದರೂ ಸಂಬಳಕ್ಕೆ ದುಡಿಯುವಂತಿರಲಿಲ್ಲ. ಸಾರು, ಪಲ್ಯ, ಬಟ್ಟೆ, ಕಸ ಬಹುಪಾಲು ಅವಳದೇ ಆಯಿತು. ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದವರಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ.